ಹದಿನಾಲ್ಕು ದೇವದೂತರ ಕಾವಲು

ಮಕ್ಕಳಿಗೆಂದು ಹೇಳುವ ಕಥೆಗಳಲ್ಲಿ ಅತ್ಯಂತ ಕಠೋರವಾದ ಆರಂಭವುಳ್ಳುದು ಯಾವುದೆಂದು ಯಾರಾದರೂ ಕೇಳಿದರೆ, ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಸಂಗ್ರಹದ ಹದಿನೈದನೆಯ ಕಥೆಯನ್ನು ಹೆಸರಿಸಲು ನಾನು ಹಿಂದುಮುಂದು ನೋಡಲಾರೆ. ದಟ್ಟವಾದ ಅಡವಿಯೊಂದರ ಅಂಚಿನಲ್ಲಿ ಸೌದೆ ಕಡಿದು ಬದುಕುವ ಬಡವನೊಬ್ಬನ ಗುಡಿಸಲು. ನಾಡಿಗೆ ಬರ ಬಂದು ದಿನದ ರೊಟ್ಟಿಗೂ ಗತಿಯಿಲ್ಲದ ಕಾಲ. ಇರುಳೆಲ್ಲ ಹಾಸಿಗೆಯಲ್ಲಿ ಹೊರಳಾಡುತ್ತಿರುವ ಗಂಡನಿಗೆ ಹೆಂಡತಿ ಒಂದು ಉಪಾಯ ಹೇಳುತ್ತಾಳೆ: ಬೆಳಗಾದೊಡನೆ ಮಕ್ಕಳಿಬ್ಬರನ್ನೂ ಅಡವಿಯ ನಟ್ಟನಡುವಿಗೆ ಕರೆದೊಯ್ದು, ಬೆಂಕಿ ಹೊತ್ತಿಸಿ ಕೂರಿಸಿ, ಕೈಗೊಂದು ತುಂಡು ರೊಟ್ಟಿಯಿಟ್ಟು, ಅಲ್ಲಿಯೇ ಬಿಟ್ಟು ಬಂದುಬಿಡುವುದು. ಹಸಿವಿನಿಂದ ಕಣ್ಣು ಮುಚ್ಚಲಾರದ ಆ ಮಕ್ಕಳು ಅದೇ ಮನೆಯಲ್ಲಿ ಮಲಗಿ ಈ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಹೆನ್ಸೆಲ್ ಎಂಬ ಹುಡುಗ, ಗ್ರೇಟೆಲ್ ಎಂಬ ಅವನ ತಂಗಿ, ದಾರಿಯ ಗುರುತಿಗೆ ಚೆಲ್ಲಿದ ಬೆಣಚುಕಲ್ಲು, ಮರುಸಲ ಚೆಲ್ಲಿದ ರೊಟ್ಟಿಯ ತುಣುಕುಗಳನ್ನು ಹೆಕ್ಕಿ ತಿಂದ ಹಕ್ಕಿಗಳು, ತಿನಿಸಿನಿಂದಲೇ ಕಟ್ಟಿದ ಮನೆ, ಅದರೊಳಗಣ ಮಾಟಗಾತಿ, ಅವಳ ಒಲೆ—ಇವೆಲ್ಲ ಲೋಕಪ್ರಸಿದ್ಧ. ಆದರೆ ಮಾಟಗಾತಿಗಿಂತ ಮೊದಲು ಆ ಹಾಸಿಗೆಯ ಸಂಭಾಷಣೆಯಿದೆಯೆಂಬುದನ್ನು, ಮತ್ತು ಮಾಟಗಾತಿಗಿಂತಲೂ ಅದೇ ಹೆಚ್ಚು ಭಯಂಕರವೆಂಬುದನ್ನು, ಕಥೆ ಹೇಳುವವರು ಸಾಮಾನ್ಯವಾಗಿ ಮರೆಯಲು ಬಯಸುತ್ತಾರೆ.

ಮರೆಯಲು ಬಯಸಿದವರಲ್ಲಿ ಗ್ರಿಮ್ ಸಹೋದರರೂ ಸೇರಿದ್ದರು. ಕಾಸೆಲ್ ನಗರದಲ್ಲಿ ತಮಗೆ ಪರಿಚಿತರಾಗಿದ್ದ ವಿಲ್ಡ್ ಮನೆತನದವರಿಂದ ಅವರು ಈ ಕಥೆಯನ್ನು ಕೇಳಿದರೆಂಬುದು ವಿದ್ವಾಂಸರ ಅಭಿಪ್ರಾಯ. ಆ ಮನೆಯ ಮಗಳಾದ ಡಾರ್ಟ್‌ಶೆನ್ ಮುಂದೆ 1825ರಲ್ಲಿ ಕಿರಿಯ ಸಹೋದರನಾದ ವಿಲ್‌ಹೆಲ್ಮನ ಕೈಹಿಡಿದಳು. ಮೊದಲ ಮುದ್ರಣದಲ್ಲಿ ಉಪಾಯ ಹೇಳುವವಳು ಹೆತ್ತ ತಾಯಿಯೇ. 1840ರ ನಾಲ್ಕನೆಯ ಮುದ್ರಣದ ವೇಳೆಗೆ ಆಕೆ ಮಲತಾಯಿಯಾಗಿದ್ದಳು. ಪುಸ್ತಕವು ವಿದ್ವಾಂಸರ ಮೇಜಿನಿಂದ ಮಕ್ಕಳ ಕೋಣೆಗೆ ಸರಿದಂತೆಲ್ಲ ವಿಲ್‌ಹೆಲ್ಮನು ಅದನ್ನು ತಿದ್ದುತ್ತ ನಯಗೊಳಿಸುತ್ತ ಹೋದನಷ್ಟೆ; ಹೆತ್ತವಳು ಮಕ್ಕಳನ್ನು ಸಾವಿಗೆ ಅಟ್ಟುವಳೆಂಬುದನ್ನು ಓದುಗರು ಸಹಿಸಲಾರರೆಂದೋ, ತನಗೇ ಸಹಿಸಲಾಗದೆಯೋ, ಪಾಪವನ್ನೆಲ್ಲ ಮಲತಾಯಿಯ ತಲೆಗೆ ಕಟ್ಟಿದನು. ಲೋಕದ ಮಲತಾಯಂದಿರಿಗೆ ಇದರಿಂದ ಆದ ಅನ್ಯಾಯ ಹಾಗಿರಲಿ, ಕಥೆಗೂ ಇದರಿಂದ ಅನ್ಯಾಯವಾಯಿತೆಂದೇ ನನ್ನ ಭಾವನೆ. ಏಕೆಂದರೆ ಮೂಲದಲ್ಲಿ ಆ ತಾಯಿಯನ್ನು ಆಡಿಸುತ್ತಿದ್ದುದು ದ್ವೇಷವಲ್ಲ, ಹಸಿವು. ತಿದ್ದಿದ ಕಥೆಯಲ್ಲಿ ಹಸಿವು ಹಿನ್ನೆಲೆಗೆ ಸರಿದು ದುಷ್ಟತನ ಮುಂದೆ ಬಂದಿತು.

ಪುಸ್ತಕದಲ್ಲಿ ಇದನ್ನು ಹೇಗೋ ದಾಟಬಹುದು. ಓದಿ ಹೇಳುವ ಅಜ್ಜಿಯು ಎರಡು ಸಾಲು ನುಂಗಿಕೊಂಡರೆ ಮಗುವಿಗೆ ತಿಳಿಯದು. ರಂಗಭೂಮಿಗೆ ಆ ಸೌಕರ್ಯವಿಲ್ಲ. ಅಲ್ಲಿ ರಕ್ತಮಾಂಸಗಳಿಂದ ಕೂಡಿದ ಒಬ್ಬ ಹೆಂಗಸು ಬೆಳಕಿನಲ್ಲಿ ನಿಂತು, ಎದುರಿಗೆ ತಾಯಿಯ ಮಗ್ಗುಲಲ್ಲೇ ಕುಳಿತಿರುವ ಆರು ವರ್ಷದ ಮಗುವಿಗೆ ಕೇಳಿಸುವಂತೆ ಆ ಮಾತನ್ನು ಆಡಬೇಕು, ಅಥವಾ ಆಡದೆ ಬಿಡಬೇಕು, ನಡುವೆ ಹಾದಿಯಿಲ್ಲ. ಮನೆಮಂದಿಯೆಲ್ಲ ಕೂಡಿ ನೋಡುವಂಥ ನಾಟಕವನ್ನು ಇಂಥ ಕಥೆಯಿಂದ ಹೊರಡಿಸುವುದು ಹೇಗೆಂಬ ಈ ಸಮಸ್ಯೆಗೆ ಯುರೋಪಿನ ಸಂಗೀತರಂಗವು ಕಂಡುಕೊಂಡ ಪರಿಹಾರಗಳಲ್ಲಿ ಅತಿ ದೀರ್ಘಕಾಲ ಬಾಳಿದ್ದು, ಎಂಗೆಲ್‌ಬರ್ಟ್ ಹುಂಪರ್‌ಡಿಂಕ್ ಸಂಗೀತವನ್ನೂ ಅವನ ತಂಗಿ ಆಡೆಲ್‌ಹೈಟ್ ವೆಟ್ಟೆ ಸಾಹಿತ್ಯವನ್ನೂ ರಚಿಸಿದ ‘ಹೆನ್ಸೆಲ್ ಮತ್ತು ಗ್ರೇಟೆಲ್’ ಎಂಬ ಒಪೆರಾ. 1893ರಿಂದ ಇಂದಿನವರೆಗೆ ಜರ್ಮನ್ ನಾಡುಗಳಲ್ಲಿ ಕ್ರಿಸ್‌ಮಸ್ ಸಮೀಪಿಸಿತೆಂದರೆ ಯಾವುದಾದರೊಂದು ರಂಗಮಂದಿರದಲ್ಲಿ ಇದು ನಡೆಯದೆ ಇರುವುದಿಲ್ಲ. ಅಲ್ಲಿನ ಎಷ್ಟೋ ಮಕ್ಕಳು ಜೀವಮಾನದಲ್ಲಿ ಕಾಣುವ ಮೊದಲ ಒಪೆರಾ ಇದೇ.

ಇದರ ಹುಟ್ಟು ಅರಮನೆಯಲ್ಲಲ್ಲ, ವೈದ್ಯನೊಬ್ಬನ ಮನೆಯಲ್ಲಿ ಆಯಿತು. ಆಡೆಲ್‌ಹೈಟಳ ಗಂಡ ಹರ್ಮನ್ ವೆಟ್ಟೆ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಸಾಹಿತಿ. 1890ರಲ್ಲಿ ಆತನ ಹುಟ್ಟುಹಬ್ಬದಂದು ಮಕ್ಕಳಿಂದ ಆಡಿಸಲೆಂದು ಆಕೆ ಈ ಕಥೆಯನ್ನು ಪುಟ್ಟ ನಾಟಕವಾಗಿ ಬರೆದು, ನಾಲ್ಕು ಹಾಡುಗಳಿಗೆ ರಾಗ ಹಾಕಿಕೊಡುವಂತೆ ಅಣ್ಣನನ್ನು ಕೇಳಿದಳು. ಅಣ್ಣ ಹಾಕಿಕೊಟ್ಟ. ಮನೆಯವರಿಗೆ ರುಚಿ ಹತ್ತಿತು. ನಾಲ್ಕು ಹಾಡುಗಳಿದ್ದುದು ಹದಿನಾರಾಗಿ, ಮಾತೂ ಹಾಡೂ ಬೆರೆತ ಸಂಗೀತ ನಾಟಕವಾಗಿ ಬೆಳೆಯಿತು. ಆ ರೂಪವನ್ನು ಆತ ಅದೇ ವರ್ಷದ ಕ್ರಿಸ್‌ಮಸ್‌ಗೆ ತಾನು ವರಿಸಲಿದ್ದ ಹೆಡ್‌ವಿಗ್ ಟಾಕ್ಸರ್ ಎಂಬ ಕನ್ಯೆಗೆ ಕಾಣಿಕೆಯಾಗಿ ಕೊಟ್ಟನು. ಅಲ್ಲಿಗೂ ಮುಗಿಯಲಿಲ್ಲ. ಮಾತಿನ ಭಾಗಗಳೂ ಸಂಗೀತವಾಗಿ ಕರಗಿ, ಪಿಯಾನೋ ಇದ್ದಲ್ಲಿ ಪೂರ್ಣ ವಾದ್ಯವೃಂದ ಬಂದು, ಮೂರು ಅಂಕಗಳ ಒಪೆರಾ ಆಗಲು ಇನ್ನೂ ಕೆಲವು ವರ್ಷಗಳು ಹಿಡಿದವು.

ಈ ಅಣ್ಣ ಎಂಥವನೆಂದು ಇಲ್ಲಿ ಹೇಳದಿದ್ದರೆ ಮುಂದಿನ ಮಾತು ತಿಳಿಯದು. 1854ರಲ್ಲಿ ರೈನ್ ಪ್ರಾಂತದ ಸೀಗ್‌ಬುರ್ಗ್ ಎಂಬ ಊರಿನಲ್ಲಿ ಹುಟ್ಟಿ, ಕಲೋನಿನ ಸಂಗೀತಶಾಲೆಯಲ್ಲೂ ಬಳಿಕ ಮ್ಯೂನಿಕ್ಕಿನಲ್ಲೂ ಓದಿ, 1879ರಲ್ಲಿ ಬರ್ಲಿನ್ನಿನ ಮೆಂಡೆಲ್‌ಸನ್ ಪಾರಿತೋಷಕವನ್ನು ಗಳಿಸಿದ ಹುಂಪರ್‌ಡಿಂಕನು, ಆ ಹಣದಲ್ಲಿ ಇಟಲಿಗೆ ಹೋದಾಗ ನೇಪಲ್ಸಿನಲ್ಲಿ ರಿಚರ್ಡ್ ವಾಗ್ನರನನ್ನು ಕಂಡನು. ಮಹಾಪುರುಷರನ್ನು ಕಾಣಹೋಗುವ ತರುಣರಲ್ಲಿ ಬಹುಮಂದಿ ಒಂದು ಲೋಟ ಚಹಾ ಕುಡಿದು ಹಿಂದಿರುಗುತ್ತಾರೆ. ಈತನಿಗೆ ಬೈರಾಯ್ಟಿಗೆ ಬಾರೆಂಬ ಕರೆ ದೊರಕಿತು. ಅಲ್ಲಿ ಆಗ ವಾಗ್ನರನ ಕಡೆಯ ಕೃತಿಯಾದ ‘ಪಾರ್ಸಿಫಾಲ್’ ಸಿದ್ಧವಾಗುತ್ತಿತ್ತು. ತರುಣನು ಅದರ ಸ್ವರಲಿಪಿಯನ್ನು ಪ್ರತಿ ಮಾಡಿದನು, ಹಾಡುವವರಿಗೆ ಅಭ್ಯಾಸ ಮಾಡಿಸಿದನು. 1882ರ ಪ್ರಯೋಗದ ತಾಲೀಮಿನಲ್ಲಿ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಚಲಿಸಬೇಕಾಗಿದ್ದ ಚಿತ್ರಪರದೆಯ ಯಂತ್ರ ತೀರ ನಿಧಾನವಾಗಿ ಸುತ್ತಿ, ಸಂಗೀತ ಮುಗಿದರೂ ಪರದೆ ಮುಗಿಯದೆ ಹೋದಾಗ, ಆ ಅಂತರವನ್ನು ತುಂಬಲು ಗುರುವಿನ ಶೈಲಿಯಲ್ಲೇ ಕೆಲವು ಆವರ್ತಗಳನ್ನು ಬರೆದುಕೊಟ್ಟವನೂ ಇವನೇ. ವಾಗ್ನರನು ಅವನ್ನು ಒಪ್ಪಿಕೊಂಡನು. ಮರುವರ್ಷ ಯಂತ್ರ ಸರಿಹೋದ ಮೇಲೆ ಆ ಆವರ್ತಗಳು ಬೇಡವಾದವು. ಜಗತ್ತಿನ ಅತ್ಯಂತ ಸ್ವಾಭಿಮಾನಿಯಾದ ಸಂಗೀತಕಾರನ ಕೃತಿಯೊಳಗೆ ಒಂದು ಋತುಮಾತ್ರ ಅನಾಮಧೇಯನಾಗಿ ಬಾಳಿಬಂದ ಈ ಅನುಭವ ಸಾಮಾನ್ಯವಾದುದಲ್ಲ.

ಆದರೆ ಅದರ ಫಲವೇನಾಯಿತು? ಗುರು 1883ರ ಫೆಬ್ರವರಿಯಲ್ಲಿ ತೀರಿಕೊಂಡ ಬಳಿಕ ಶಿಷ್ಯನಿಗೆ ವರ್ಷಗಟ್ಟಲೆ ಸ್ವಂತ ದೊಡ್ಡ ಕೃತಿಯೇ ಸಾಧ್ಯವಾಗಲಿಲ್ಲ. ಬಾರ್ಸಿಲೋನಾದಲ್ಲಿ ಪಾಠ ಹೇಳಿದನು, ಕಲೋನಿನಲ್ಲಿ ಹೇಳಿದನು, ಫ್ರಾಂಕ್‌ಫರ್ಟಿನ ಸಂಗೀತಶಾಲೆಯಲ್ಲಿ ಅಧ್ಯಾಪಕನಾದನು, ಪತ್ರಿಕೆಗೆ ವಿಮರ್ಶೆ ಬರೆದನು. ವಾಗ್ನರನ ನಂತರ ಜರ್ಮನಿಯಲ್ಲಿ ಒಪೆರಾ ಬರೆಯಹೊರಟವರೆಲ್ಲ ಪುರಾಣವೀರರನ್ನೂ ಶಾಪಗ್ರಸ್ತ ಉಂಗುರಗಳನ್ನೂ ಹುಡುಕಿಕೊಂಡು ಹೋಗಿ ಗುರುವಿನ ನೆರಳಿನಲ್ಲೇ ಬಾಡುತ್ತಿದ್ದರು; ಇತ್ತ ಇಟಲಿಯಿಂದ 1890ರಲ್ಲಿ ಬಂದ, ಮಸ್ಕಾನ್ಯಿ ಎಂಬ ಸಂಗೀತಕಾರನ ಒಪೆರಾ, ಹಳ್ಳಿಯೊಂದರ ಕೊಲೆಯ ಕಥೆ, ಯುರೋಪನ್ನೆಲ್ಲ ಗೆದ್ದಿತ್ತು. ಈ ಇಕ್ಕಟ್ಟಿನಿಂದ ಹುಂಪರ್‌ಡಿಂಕನನ್ನು ಪಾರುಮಾಡಿದ್ದು ಯಾವ ಸಿದ್ಧಾಂತವೂ ಅಲ್ಲ, ತಂಗಿಯ ಮಕ್ಕಳ ಆಟ. ‘ಪಾರ್ಸಿಫಾಲ್’ ಕೃತಿಗೆ ವಾಗ್ನರನು ಕೊಟ್ಟಿದ್ದ ಗಂಭೀರವಾದ ಉಪನಾಮವನ್ನು ಅಣಕಿಸಿ, ಇದು ಮಕ್ಕಳ ಕೋಣೆಯ ಪ್ರತಿಷ್ಠಾಪನೆಗಾಗಿ ರಚಿತವಾದ ಮಹೋತ್ಸವ ನಾಟಕವೆಂದು ಮನೆಯವರು ತಮಾಷೆ ಮಾಡುತ್ತಿದ್ದರಂತೆ. ತಮಾಷೆಯಾದರೂ ಅದು ಕೃತಿಯ ಗುಟ್ಟನ್ನೇ ಹೇಳುತ್ತದೆ: ದೇವಾಲಯಕ್ಕೆಂದು ಕಲಿತ ವಿದ್ಯೆಯನ್ನು ಆತ ಮಕ್ಕಳ ಕೋಣೆಗೆ ತಂದನು, ತರುವಾಗ ಅದರಲ್ಲಿ ಏನನ್ನೂ ಕಡಮೆ ಮಾಡಲಿಲ್ಲ.

ಆಡೆಲ್‌ಹೈಟ್ ಕಥೆಯನ್ನು ತಿದ್ದಿದ ರೀತಿಯನ್ನು ನೋಡೋಣ. ಗ್ರಿಮ್ಮರ ಸೌದೆಗಾರ ಆಕೆಯಲ್ಲಿ ಪೇಟರ್ ಎಂಬ ಪೊರಕೆ ಕಟ್ಟುವವನಾದನು. ಗೆರ್‌ಟ್ರೂಡ್ ಎಂಬ ಅವನ ಹೆಂಡತಿ ಪುನಃ ಹೆತ್ತ ತಾಯಿಯಾದಳು. ಮಕ್ಕಳನ್ನು ಕಾಡಿಗೆ ಬಿಡುವ ಸಂಚು ಮಾಯವಾಯಿತು. ತೆರೆ ಏಳುವಾಗ ಮನೆಯಲ್ಲಿ ತಂದೆತಾಯಿಗಳಿಬ್ಬರೂ ಇಲ್ಲ. ಹುಡುಗ ಪೊರಕೆ ಕಟ್ಟುತ್ತಿದ್ದಾನೆ, ಹುಡುಗಿ ಕಾಲುಚೀಲ ಹೆಣೆಯುತ್ತಿದ್ದಾಳೆ, ಬರಿಗಾಲಲ್ಲಿ ತಿರುಗುವ ಹೆಬ್ಬಾತುಗಳ ಕುರಿತಾದ ಹಳೆಯ ಜನಪದ ಗೀತೆಯೊಂದನ್ನು ಹಾಡಿಕೊಳ್ಳುತ್ತಿದ್ದಾಳೆ. ನೆರೆಯವಳು ಕೊಟ್ಟ ಒಂದು ಮಡಕೆ ಹಾಲು ಅಲ್ಲಿದೆ. ರಾತ್ರಿ ಅದರಲ್ಲಿ ಅಕ್ಕಿಯ ಗಂಜಿಯಾಗುವುದೆಂಬ ಗುಟ್ಟನ್ನು ತಂಗಿ ಹೇಳಿದೊಡನೆಯೇ ಅಣ್ಣನು ಕೆನೆಗೆ ಬೆರಳಿಡುತ್ತಾನೆ. ಹಸಿವನ್ನು ಮರೆಯಲು ಇಬ್ಬರೂ ಕುಣಿಯತೊಡಗುತ್ತಾರೆ. ಅಷ್ಟರಲ್ಲಿ ದಣಿದು ಬಂದ ತಾಯಿ, ಕೆಲಸ ಆಗದೆ ಬಿದ್ದಿರುವುದನ್ನು ಕಂಡು ಕೋಪದಿಂದ ಹೊಡೆಯಲು ಕೈಯೆತ್ತಿದಾಗ ಮಡಕೆ ಉರುಳಿ ಹಾಲೆಲ್ಲ ನೆಲದ ಪಾಲಾಗುತ್ತದೆ. ರಾತ್ರಿಯ ಊಟ ಹೋಯಿತು. ಮಕ್ಕಳ ಕೈಗೊಂದು ಬುಟ್ಟಿ ಕೊಟ್ಟು ಕಾಡಿನ ಸ್ಟ್ರಾಬೆರಿ ಹಣ್ಣನ್ನು ಆರಿಸಿ ತನ್ನಿರೆಂದು ಅಟ್ಟಿ, ಆಕೆ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಾಳೆ.

ಈ ಮಾರ್ಪಾಟಿನಿಂದ ಕಥೆ ಸಪ್ಪೆಯಾಯಿತೆಂದು ಗೊಣಗುವವರುಂಟು. ನನಗೆ ಹಾಗೆ ತೋರುವುದಿಲ್ಲ. ಮಲತಾಯಿಯ ದುಷ್ಟತನಕ್ಕೆ ಕಾರಣ ಬೇಕಾಗಿಲ್ಲ. ಅದು ಕಥೆಯ ಸಾಮಗ್ರಿ. ಆದರೆ ದಿನವಿಡೀ ದುಡಿದು ಬರಿಗೈಯಲ್ಲಿ ಬಂದ ತಾಯಿ ಮಕ್ಕಳ ಮೇಲೆ ಕೈಯೆತ್ತಿ, ತನ್ನ ಕೈಯಿಂದಲೇ ಇದ್ದ ಹಾಲನ್ನೂ ಚೆಲ್ಲಿ, ಅನಂತರ ಒಬ್ಬಳೇ ಕುಳಿತು ಅಳುವುದು ಕಥೆಯಲ್ಲ, ಪ್ರತಿಯೊಂದು ಬಡ ಊರಿನ ಸಂಜೆ. ತಾಯಿಯ ಪಾಪವನ್ನು ಆಡೆಲ್‌ಹೈಟ್ ತೆಗೆದಳೇ ಹೊರತು ಹಸಿವನ್ನು ತೆಗೆಯಲಿಲ್ಲ. ವಿಲ್‌ಹೆಲ್ಮ್ ಗ್ರಿಮ್ಮನು ಮುಚ್ಚಿದುದನ್ನು ಒಂದು ರೀತಿಯಲ್ಲಿ ಮತ್ತೆ ತೆರೆದಳು. ಮುಂದೆ ತಂದೆ ಕುಡಿದು ಹಾಡುತ್ತ ಬರುತ್ತಾನೆ. ಕಾಡಿನಾಚೆಯ ಊರಿನಲ್ಲಿ ಹಬ್ಬವಿದ್ದು ಪೊರಕೆಗಳೆಲ್ಲ ಮಾರಿಹೋಗಿವೆ. ಹಂದಿಯ ಮಾಂಸ, ಬೆಣ್ಣೆ, ಹಿಟ್ಟು, ಹುರುಳಿಕಾಯಿ, ಈರುಳ್ಳಿ, ಕಾಲು ಪೌಂಡ್ ಕಾಫಿ ಎಂದು ಆತ ಒಂದೊಂದನ್ನೇ ಬುಟ್ಟಿಯಿಂದ ತೆಗೆದು ತೋರಿಸುವಾಗ ಹೆಂಡತಿ ಸಂತೋಷದಿಂದ ದನಿಗೂಡಿಸುತ್ತಾಳೆ. ಮೊಟ್ಟೆಗಳು ಹದಿನಾಲ್ಕು. ಈ ಸಂಖ್ಯೆಯನ್ನು ಮುಂದಿನ ಅಂಕಕ್ಕಾಗಿ ಓದುಗರು ನೆನಪಿನಲ್ಲಿಡಬೇಕು. ಮಕ್ಕಳೆಲ್ಲಿ ಎಂಬ ಪ್ರಶ್ನೆ ಆಗ ಬರುತ್ತದೆ, ಅವರು ಹೋಗಿರುವುದು ಇಲ್ಸೆನ್‌ಸ್ಟೈನ್ ಬಳಿಯ ಕಾಡಿಗೆ ಎಂದು ತಿಳಿಯುತ್ತದೆ, ತಂದೆಯ ಅಮಲು ಇಳಿಯುತ್ತದೆ. ಮಾಟಗಾತಿಯರು ಪೊರಕೆಯ ಮೇಲೆ ಸವಾರಿ ಮಾಡುವರೆಂದು ಆತ ಕೈಯಲ್ಲಿ ಪೊರಕೆ ಹಿಡಿದೇ ವಿವರಿಸುವ ಈ ಸನ್ನಿವೇಶದಲ್ಲಿ ಒಂದು ಕಟುವಾದ ಚಮತ್ಕಾರವಿದೆ: ಮನೆಗೆ ಅನ್ನ ತರುವ ವಸ್ತುವೂ ಮಕ್ಕಳನ್ನು ತಿನ್ನುವವಳ ವಾಹನವೂ ಒಂದೇ.

ಇಲ್ಸೆನ್‌ಸ್ಟೈನ್ ಕಲ್ಪಿತ ಸ್ಥಳವಲ್ಲ. ಹಾರ್ಟ್ಸ್ ಪರ್ವತಶ್ರೇಣಿಯಲ್ಲಿ ಇಲ್ಸೆನ್‌ಬುರ್ಗಿನ ಬಳಿ ಕಾಡಿನ ಮೇಲೆ ಚಾಚಿನಿಂತ ಗ್ರಾನೈಟ್ ಬಂಡೆ ಅದು. 1,141 ಮೀಟರ್ ಎತ್ತರದ ಬ್ರೋಕನ್ ಶಿಖರ ಅಲ್ಲಿಗೆ ಸಮೀಪ. ಏಪ್ರಿಲ್ ತಿಂಗಳ ಕಡೆಯ ರಾತ್ರಿ ಮಾಟಗಾತಿಯರೆಲ್ಲ ಅಲ್ಲಿ ನೆರೆಯುವರೆಂಬುದು ಜರ್ಮನರ ಹಳೆಯ ನಂಬಿಕೆ. ಗ್ರಿಮ್ಮರ ಕಥೆಯಲ್ಲಿ ಕಾಡಿಗೆ ಹೆಸರಿಲ್ಲ. ಆಡೆಲ್‌ಹೈಟ್ ಹೆಸರು ಕೊಟ್ಟು, ನೋಡುವವರು ಬೇಸಗೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಬಲ್ಲ ಜಾಗದಲ್ಲಿಯೇ ಮಾಟಗಾತಿಯನ್ನು ಕೂರಿಸಿದಳು.

ಎರಡನೆಯ ಅಂಕವೇ ಕೃತಿಯ ಹೃದಯ. ಮಾಟಗಾತಿಯ ಸವಾರಿಯನ್ನು ಬಣ್ಣಿಸುವ ವಾದ್ಯಸಂಗೀತವು ಒಂದನೆಯ ಅಂಕದ ತುದಿಯಿಂದ ಹೊರಟು, ಗುಡುಗಿ ಅಬ್ಬರಿಸಿ, ಕ್ರಮೇಣ ಇಳಿದು, ಕಾಡಿನ ಸಂಜೆಯ ಶಾಂತಿಯಲ್ಲಿ ಬೆರೆಯುತ್ತದೆ. ಗ್ರೇಟೆಲ್ ಹೂವಿನ ಮಾಲೆ ಕಟ್ಟುತ್ತಿದ್ದಾಳೆ. ಬುಟ್ಟಿ ಹಣ್ಣಿನಿಂದ ತುಂಬಿದೆ. ದೂರದಲ್ಲಿ ಕೋಗಿಲೆಯ ಜಾತಿಯ ಕುಕ್ಕೂ ಹಕ್ಕಿ ಕೂಗುತ್ತದೆ. ಪರರ ಗೂಡನ್ನು ಸೂರೆಮಾಡುವ ಆ ಹಕ್ಕಿಯನ್ನು ಅನುಕರಿಸುತ್ತ ಮಕ್ಕಳು ಒಂದೊಂದೇ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಟ ಜಗಳವಾಗುವಷ್ಟರಲ್ಲಿ ಬುಟ್ಟಿ ಬರಿದಾಗಿರುತ್ತದೆ, ಹೊತ್ತು ಮುಳುಗಿರುತ್ತದೆ, ದಾರಿ ತಪ್ಪಿರುತ್ತದೆ. ಕೂಗಿದರೆ ತಮ್ಮ ದನಿಯೇ ಬೇರೆ ಬೇರೆ ಬಾಯಿಗಳಿಂದೆಂಬಂತೆ ಮರಳಿ ಬರುತ್ತದೆ. ಇಲ್ಲಿ ವೇದಿಕೆಯ ಮೇಲೆ ಭಯಂಕರವಾದುದು ಏನೂ ಇಲ್ಲ: ಒಂದಿಷ್ಟು ಮಂಜು, ಕೆಲವು ಮರಗಳು, ತೆರೆಯ ಹಿಂದೆ ಕೆಲವು ಹೆಂಗಸರ ಕಂಠ. ಆದರೂ ಸಭೆಯಲ್ಲಿ ಕುಳಿತ ಮಗು ತಾಯಿಯ ತೋಳನ್ನು ಹಿಡಿಯುತ್ತದೆ. ಏಕೆಂದರೆ ಮಾತಿನಿಂದ ತೆಗೆದುಹಾಕಿದ ಭಯವನ್ನೆಲ್ಲ ಹುಂಪರ್‌ಡಿಂಕನು ವಾದ್ಯವೃಂದದೊಳಕ್ಕೆ ಇಳಿಸಿದ್ದಾನೆ. ಆಡೆಲ್‌ಹೈಟಳು ಹಾಸಿಗೆಯ ಸಂಭಾಷಣೆಯನ್ನು ಅಳಿಸಿದಳಲ್ಲವೆ? ಆ ಸಂಭಾಷಣೆಯನ್ನು ಕೇಳಿದ ಮಕ್ಕಳ ಎದೆಯ ಡವಡವವು ಇಲ್ಲಿ ತಂತಿವಾದ್ಯಗಳಲ್ಲಿದೆ. ಹೆತ್ತವರ ಮೇಲೆ ದೋಷ ಹೊರಿಸದೆ, ಹೆತ್ತವರಿಲ್ಲದ ರಾತ್ರಿಯ ಅನುಭವವನ್ನು ಮಾತ್ರ ಮಕ್ಕಳಿಗೆ ಕೊಡುವುದು ಸಂಗೀತಕ್ಕೆ ಸಾಧ್ಯ. ಗದ್ಯಕ್ಕೆ ಅಷ್ಟು ಸುಲಭವಲ್ಲ.

ಆಮೇಲೆ ನಿದ್ರೆಯನ್ನು ಚೆಲ್ಲುವ ಮರಳಜ್ಜ ಬಂದು ಮಕ್ಕಳ ಕಣ್ಣಿಗೆ ಮರಳು ತೂರುತ್ತಾನೆ. ಅರೆನಿದ್ದೆಯಲ್ಲಿಯೇ ಇಬ್ಬರೂ ಮೊಣಕಾಲೂರಿ ಸಂಜೆಯ ಪ್ರಾರ್ಥನೆಯನ್ನು ಹೇಳುತ್ತಾರೆ. ಜರ್ಮನ್ ಮನೆಗಳಲ್ಲಿ ಬಹುಕಾಲದಿಂದ ಬಂದ ಪ್ರಾರ್ಥನೆ ಅದು. ಮಲಗಿದ ಮಗುವಿನ ತಲೆಯ ಬಳಿ, ಕಾಲ ಬಳಿ, ಎಡಬಲಗಳಲ್ಲಿ ಹೀಗೆ ಇಬ್ಬಿಬ್ಬರಂತೆ ದೇವದೂತರು ಹದಿನಾಲ್ಕು ಮಂದಿ ಕಾವಲಿರಬೇಕೆಂದು ಅದರ ಕೋರಿಕೆ. ರಾಗವನ್ನು ಹುಂಪರ್‌ಡಿಂಕನೇ ಕಟ್ಟಿದನು. ಒಪೆರಾದ ಮೊದಲ ಸ್ವರ ಕೇಳಿಬರುವುದೇ ಈ ರಾಗದಿಂದ: ತೆರೆಯೇಳುವ ಮುನ್ನ ಪೂರ್ವರಂಗದಲ್ಲಿ ಹಾರ್ನ್ ಎಂಬ ನಾಲ್ಕು ಕೊಂಬುವಾದ್ಯಗಳು ಅದನ್ನು ಮೆಲ್ಲನೆ ನುಡಿಸುತ್ತವೆ, ಆದ್ದರಿಂದ ಮಕ್ಕಳು ಕಾಡಿನಲ್ಲಿ ಅದನ್ನು ಹಾಡತೊಡಗಿದಾಗ ಕೇಳುವವರಿಗೆ ಅದು ಮೊದಲೇ ತಮ್ಮ ಮನೆಯದೆಂಬಂತೆ ಪರಿಚಿತವಾಗಿರುತ್ತದೆ. ಮಕ್ಕಳು ನಿದ್ರೆಹೋದ ಮೇಲೆ ಮಾತಿಲ್ಲ, ಹಾಡಿಲ್ಲ. ಮಂಜು ಮೋಡವಾಗಿ, ಮೋಡವು ಮೆಟ್ಟಿಲಾಗಿ, ಅದರ ಮೇಲಿಂದ ದೇವದೂತರು ಇಳಿದುಬಂದು ಮಲಗಿದವರ ಸುತ್ತ ಪ್ರಾರ್ಥನೆಯಲ್ಲಿ ಹೇಳಿದ ಕ್ರಮದಲ್ಲಿಯೇ ನಿಲ್ಲುತ್ತಾರೆ. ವಾದ್ಯವೃಂದವು ಆ ಪುಟ್ಟ ರಾಗವನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ, ಟ್ರಂಪೆಟ್ಟು ಟ್ರಾಂಬೋನುಗಳೆಲ್ಲ ಸೇರಿದ ಮಹಾಘೋಷವಾಗಿಸುತ್ತದೆ. ಬೈರಾಯ್ಟಿನಲ್ಲಿ ‘ಪಾರ್ಸಿಫಾಲ್’ನ ಪವಿತ್ರ ಪಾತ್ರೆಯ ದರ್ಶನಕ್ಕೆ ಮೀಸಲಾಗಿದ್ದ ವೈಭವವೆಲ್ಲ ಇಲ್ಲಿ ಊಟವಿಲ್ಲದೆ ಮಲಗಿದ ಇಬ್ಬರು ಪೊರಕೆಯವನ ಮಕ್ಕಳಿಗೆ ಸಲ್ಲುತ್ತದೆ. ಹದಿನಾಲ್ಕು ಮೊಟ್ಟೆಗಳು ಮನೆಗೆ ಬಂದ ಸಂಜೆಯೇ ಹದಿನಾಲ್ಕು ದೇವದೂತರು ಕಾಡಿಗೆ ಬಂದರೆಂಬುದು ಕವಯಿತ್ರಿಯ ಹಾಸ್ಯವೋ, ಪ್ರಾಸದ ಒತ್ತಾಯವೋ. ನಾನಂತೂ ಹಾಸ್ಯವೆಂದೇ ತಿಳಿದಿದ್ದೇನೆ.

ಇಷ್ಟು ಸಣ್ಣ ಕಥೆಗೆ ಇಷ್ಟು ದೊಡ್ಡ ವಾದ್ಯವೃಂದವೇಕೆ, ಶಿಶುಗೀತೆಯ ಮೈಗೆ ವಾಗ್ನರನ ಕವಚ ಹೊಂದುವುದೆ, ಎಂಬ ಆಕ್ಷೇಪಣೆ ಆಗಲೇ ಕೇಳಿಬಂದಿತು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ, ವಾದ್ಯಗಳು ಮೇಲೆದ್ದು ಮಾತನ್ನು ನುಂಗುವ ಸ್ಥಳಗಳುಂಟು, ಹೆನ್ಸೆಲ್ ಮತ್ತು ಗ್ರೇಟೆಲ್ ಪಾತ್ರಗಳನ್ನು ನಿಜವಾದ ಮಕ್ಕಳಿಂದ ಹಾಡಿಸಲು ಇದೇ ಕಾರಣದಿಂದ ಆಗುವುದೂ ಇಲ್ಲ. ಎರಡನ್ನೂ ಪ್ರೌಢಗಾಯಕಿಯರೇ ವಹಿಸಬೇಕು. ಹುಡುಗನ ಪಾತ್ರ ತುಸು ತಗ್ಗಿನ ಕಂಠದ ಹೆಂಗಸಿನದು. ಆದರೆ ಆಕ್ಷೇಪಿಸುವವರು ಮರೆಯುವ ಸಂಗತಿಯೊಂದಿದೆ. ಮಕ್ಕಳಿಗಾಗಿ ಎಂದು ಮಾಡಿದ ವಸ್ತುವು ಅಗ್ಗವಾಗಿರಬೇಕು, ಹಗುರವಾಗಿರಬೇಕು, ಬಣ್ಣ ಹೆಚ್ಚಾಗಿ ನಯ ಕಡಮೆಯಾಗಿರಬೇಕು ಎಂಬುದು ದೊಡ್ಡವರ ಸೋಮಾರಿತನದಿಂದ ಹುಟ್ಟಿದ ನಿಯಮ; ಮಕ್ಕಳು ಅದನ್ನು ಎಂದೂ ಒಪ್ಪಿಕೊಂಡವರಲ್ಲ. ಮಗುವಿಗೆ ಕಾಡು ನಿಜವಾಗಿಯೂ ದೊಡ್ಡದು. ಅದರ ಗಾತ್ರವನ್ನು ಒಂದು ಪಿಯಾನೋ, ಎರಡು ಪಿಟೀಲುಗಳಿಂದ ತೋರಿಸಹೊರಟರೆ ದೊಡ್ಡವರಿಗೆ ಮುದ್ದಾಗಿ ಕಾಣಬಹುದು, ಮಗುವಿಗೆ ಸುಳ್ಳಾಗಿ ಕೇಳುತ್ತದೆ. ಹುಂಪರ್‌ಡಿಂಕನು ಹಾಡುವ ಸಾಲನ್ನು ಮಕ್ಕಳು ಮನೆಗೆ ಹೋಗುತ್ತ ಗುನುಗಬಹುದಾದಷ್ಟು ಸರಳವಾಗಿಟ್ಟು, ಅದರ ಸುತ್ತಣ ಲೋಕವನ್ನು ಮಾತ್ರ ಅದರ ನಿಜವಾದ ಅಳತೆಯಲ್ಲಿ ಕಟ್ಟಿದನು. ಜನಪದದಿಂದ ನೇರವಾಗಿ ಎತ್ತಿಕೊಂಡ ಹಾಡುಗಳು ಇದರಲ್ಲಿ ಎಣಿಸುವಷ್ಟೂ ಇಲ್ಲ. ಆದರೆ ಆತನೇ ಕಟ್ಟಿದ ಅಣ್ಣತಂಗಿಯರ ಕುಣಿತದ ಹಾಡು ಜರ್ಮನಿಯ ಶಾಲೆಗಳಲ್ಲಿ ಜನಪದವೆಂದೇ ಸಲ್ಲುವಷ್ಟು ನೆಲೆಗೊಂಡಿತು. ಸಂಗೀತಕಾರನಿಗೆ ಇದಕ್ಕಿಂತ ದೊಡ್ಡ ಬಿರುದು ಉಂಟೆ?

ಮಾಟಗಾತಿಯ ಅಂಕವನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಅದು ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ. ಬೆಳಗಿನ ಇಬ್ಬನಿಯ ಕನ್ಯೆ ಮಕ್ಕಳನ್ನೆಬ್ಬಿಸುತ್ತಾಳೆ. ಮಂಜು ಸರಿದರೆ ಎದುರಿಗೆ ತಿನಿಸಿನ ಮನೆ, ಅದರ ಸುತ್ತ ಬೇಲಿ. ಬೇಲಿಯ ಗೂಟಗಳು ಗೂಟಗಳಲ್ಲ, ಜೇನುತುಪ್ಪವನ್ನೂ ಮಸಾಲೆಗಳನ್ನೂ ಬೆರೆಸಿ ಸುಡುವ ಲೇಬ್‌ಕೂಖನ್ ಎಂಬ ಸಿಹಿರೊಟ್ಟಿಯ ಬೊಂಬೆಗಳು. ಹಿಂದೆ ಮಾಟಗಾತಿಯ ಬಲೆಗೆ ಬಿದ್ದ ಮಕ್ಕಳೇ ಅವು. ಇದು ಗ್ರಿಮ್ಮರಲ್ಲಿಲ್ಲ. ಗ್ರಿಮ್ಮರ ಮಾಟಗಾತಿ ಮಂದದೃಷ್ಟಿಯ ಮುದುಕಿ, ಹುಡುಗನು ಬೆರಳಿಗೆ ಬದಲು ಎಲುಬು ಚಾಚಿ ಅವಳನ್ನು ಏಮಾರಿಸುತ್ತಾನೆ. ಇಲ್ಲಿಯವಳು ದ್ರಾಕ್ಷಿ ಬಾದಾಮಿಗಳನ್ನು ತಿನ್ನಿಸುತ್ತ, ಪೊರಕೆಯ ಮೇಲೆ ಕುಣಿಯುತ್ತ, ಮಂತ್ರದಂಡ ಆಡಿಸುತ್ತ, ನಗಿಸುತ್ತಲೇ ಹೆದರಿಸುವವಳು. ಪಾತ್ರವನ್ನು ಹೆಂಗಸಿಗೆಂದು ಬರೆದಿದ್ದರೂ ಗಂಡುಕಂಠದ ನಟರು ಹೆಂಗಸಿನ ವೇಷ ತೊಟ್ಟು ಆಡುವ ರೂಢಿಯೂ ಬಹಳ ಹಿಂದಿನಿಂದ ಇದೆ. ಹಾಗೆ ಆಡಿದಾಗ ನಗೆ ಹೆಚ್ಚುತ್ತದೆ, ಭಯ ಇಳಿಯುತ್ತದೆ. ನನ್ನ ರುಚಿಗೆ ಅದು ನಷ್ಟವೇ. ಮನೆಯಲ್ಲಿ ತಿನ್ನಿಸಲು ಏನೂ ಇಲ್ಲದ ತಾಯಿ, ಕಾಡಿನಲ್ಲಿ ಮಿತಿಯಿಲ್ಲದೆ ತಿನ್ನಿಸುವ ಈ ಇನ್ನೊಬ್ಬಳು: ಇಬ್ಬರನ್ನೂ ಒಬ್ಬ ಗಾಯಕಿಯೇ ಆಡುವ ಪ್ರಯೋಗಗಳುಂಟಾಗಿವೆ, ಅದರಲ್ಲಿ ಅರ್ಥವಿದೆ. ಗ್ರೇಟೆಲ್ ಮಾಟಗಾತಿಯ ಮಂತ್ರವನ್ನು ಕಿವಿಯಿಂದಲೇ ಕದ್ದು ಕಲಿತು ಅಣ್ಣನ ಕಟ್ಟನ್ನು ಬಿಡಿಸುತ್ತಾಳೆ; ತನಗೇನೂ ತಿಳಿಯದೆಂಬಂತೆ ನಟಿಸಿ, ಒಲೆಯೊಳಕ್ಕೆ ಬಗ್ಗಿ ತೋರಿಸಲು ಮಾಟಗಾತಿಗೇ ಹೇಳಿ, ಅಣ್ಣನೊಡನೆ ಸೇರಿ ಹಿಂದಿನಿಂದ ದೂಡುತ್ತಾಳೆ. ಒಲೆ ಸಿಡಿಯುತ್ತದೆ. ಬೊಂಬೆಗಳು ಮಕ್ಕಳಾಗುತ್ತವೆ, ಆದರೆ ಕಣ್ಣು ತೆರೆಯಲಾರವು. ಮುಟ್ಟಿ ಎಬ್ಬಿಸೆಂದು ಬೇಡುತ್ತವೆ. ಅಲ್ಲಿಯವರೆಗೆ ಪ್ರೌಢಕಂಠಗಳನ್ನೇ ಕೇಳುತ್ತಿದ್ದ ಸಭೆಗೆ ನಿಜವಾದ ಮಕ್ಕಳ ಮೇಳದ ತೆಳುವಾದ ದನಿ ಮೊದಲಬಾರಿಗೆ ಕೇಳಿಸುವುದು ಈ ಕ್ಷಣದಲ್ಲಿ. ರಂಗತಂತ್ರವಾಗಿ ಇಡೀ ಕೃತಿಯಲ್ಲಿ ಇದಕ್ಕೆ ಮಿಗಿಲಾದುದು ನನಗೆ ಕಾಣದು.

ಮೊದಲ ಪ್ರಯೋಗ 1893ರ ಡಿಸೆಂಬರ್ 23ರಂದು ವೈಮಾರಿನ ಆಸ್ಥಾನ ರಂಗಮಂದಿರದಲ್ಲಿ ಆಯಿತು. ವಾದ್ಯವೃಂದವನ್ನು ನಡೆಸಿದವನು ಆಗಿನ್ನೂ ಇಪ್ಪತ್ತೊಂಬತ್ತರ ಹರೆಯದ ರಿಚರ್ಡ್ ಸ್ಟ್ರೌಸ್. ಅದಕ್ಕೂ ಮೊದಲು ಮ್ಯೂನಿಕ್ಕಿನಲ್ಲಿ ನಡೆಯಬೇಕೆಂದಿದ್ದುದು ಗಾಯಕರ ಅಸ್ವಸ್ಥತೆಯಿಂದ ಮುಂದೆ ಹೋಗಿತ್ತು. ವೈಮಾರಿನಲ್ಲಿಯೂ ಹೆನ್ಸೆಲ್ ಪಾತ್ರಕ್ಕೆ ಗೊತ್ತಾಗಿದ್ದ, ಮರುವರ್ಷವೇ ಸ್ಟ್ರೌಸನ ಪತ್ನಿಯಾದ ಪೌಲೀನಾ ಕಾಲು ನೋಯಿಸಿಕೊಂಡು ಹಾಡಲಾರದೆ ಹೋದಳು. ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಕೃತಿ ಗೆದ್ದಿತು. 1894ರ ಸೆಪ್ಟೆಂಬರಿನಲ್ಲಿ ಹ್ಯಾಂಬರ್ಗಿನಲ್ಲಿ ಗುಸ್ತಾವ್ ಮಾಹ್ಲರನು ಅದನ್ನು ನಡೆಸಿದನು. ಆ ವರ್ಷದ ಕ್ರಿಸ್‌ಮಸ್ಸಿನ ಮರುದಿನ ಲಂಡನ್ನಿನಲ್ಲಿ ಇಂಗ್ಲಿಷ್ ಭಾಷೆಯಲ್ಲಿ, 1895ರಲ್ಲಿ ನ್ಯೂಯಾರ್ಕಿನಲ್ಲಿ ಆಯಿತು. 1905ರಲ್ಲಿ ನ್ಯೂಯಾರ್ಕಿನ ಮೆಟ್ರೊಪೊಲಿಟನ್ ಒಪೆರಾ ಅದನ್ನು ಮೊದಲಬಾರಿ ಆಡಿದಾಗ ಹುಂಪರ್‌ಡಿಂಕನೇ ಹೋಗಿ ಕುಳಿತಿದ್ದನು. ಅದೇ ಮಂದಿರವು 1931ರ ಕ್ರಿಸ್‌ಮಸ್ ದಿನದಂದು ತನ್ನ ವೇದಿಕೆಯಿಂದ ಪೂರ್ಣ ಒಪೆರಾವೊಂದನ್ನು ದೇಶದ ರೇಡಿಯೊ ಜಾಲಕ್ಕೆಲ್ಲ ಪ್ರಸಾರ ಮಾಡುವ ಪರಿಪಾಟಿಯನ್ನು ಆರಂಭಿಸಿದಾಗಲೂ ಆರಿಸಿಕೊಂಡುದು ಇದನ್ನೇ. ಆರ್ಥಿಕ ಕುಸಿತದ ಆ ಚಳಿಗಾಲದಲ್ಲಿ ಅಮೆರಿಕದ ನಗರಗಳಲ್ಲಿ ಜನ ರೊಟ್ಟಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಬರಿದಾದ ಹಾಲಿನ ಮಡಕೆಯ ದೃಶ್ಯವನ್ನು ರೇಡಿಯೊದಲ್ಲಿ ಕೇಳಿದವರಿಗೆ ಅದು ಹಳೆಯ ಕಥೆಯೆಂದು ತೋರಿರಲಾರದು.

ಗ್ರಿಮ್ ಸಹೋದರರ ಭಂಡಾರದಲ್ಲಿರುವ ಒಂದು ಕಥೆ ನಮ್ಮಲ್ಲಿಗೂ ಬಂದು ನೆಲೆಸಿದೆ. ಅವರು ಸಂಗ್ರಹಿಸಿದ ಜರ್ಮನ್ ಐತಿಹ್ಯಗಳಲ್ಲಿ ಹ್ಯಾಮೆಲಿನ್ ಊರಿನ ಮಕ್ಕಳು ಕಾಣೆಯಾದ ಕಥೆಯೂ ಸೇರಿತ್ತು. ಆ ಐತಿಹ್ಯವನ್ನೇ ರಾಬರ್ಟ್ ಬ್ರೌನಿಂಗ್ ಇಂಗ್ಲಿಷಿನಲ್ಲಿ ಪದ್ಯವಾಗಿಸಿದನು, ಅದನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿಯನ್ನು ಸೃಷ್ಟಿಸಿದರು. ಕನ್ನಡನಾಡಿನ ಶಾಲೆಗಳಲ್ಲಿಯೂ ಮಕ್ಕಳ ರಂಗಶಿಬಿರಗಳಲ್ಲಿಯೂ ಹಾಡುಕುಣಿತಗಳೊಡನೆ ಅದು ಎಷ್ಟುಸಲ ಆಡಲ್ಪಟ್ಟಿದೆಯೋ ಲೆಕ್ಕವಿಲ್ಲ. ಅದರಲ್ಲಿ ಮಕ್ಕಳು ಬೆಟ್ಟದೊಳಗೆ ಹೋಗಿಬಿಡುತ್ತಾರೆ. ಹಿಂದೆ ಉಳಿಯುವುದು ಕುಂಟುತ್ತ ಬಂದ ಒಂದೇ ಒಂದು ಮಗು. ದೊಡ್ಡವರು ಕೊಟ್ಟ ಮಾತಿಗೆ ತಪ್ಪಿದುದರ ದಂಡವನ್ನು ಚಿಕ್ಕವರು ತೆರುವ ಇಂಥ ಕಥೆಯನ್ನು ನಮ್ಮ ಮಕ್ಕಳು ಇಲಿಯ ಬಾಲ ಕಟ್ಟಿಕೊಂಡು ಉತ್ಸಾಹದಿಂದ ಆಡುವುದನ್ನು ನೋಡಿದವರಿಗೆ, ಮಗುವಿನ ಮನಸ್ಸು ದುಃಖವನ್ನು ತಡೆಯದೆಂಬ ಮಾತು ಒಪ್ಪಿತವಾಗದು. ಆಡೆಲ್‌ಹೈಟ್ ಕಥೆಯನ್ನು ಮೃದುಗೊಳಿಸಿದಷ್ಟನ್ನು ಕುವೆಂಪು ಮೃದುಗೊಳಿಸಲಿಲ್ಲ. ಹಾಡು ಜೊತೆಗಿದ್ದುದರಿಂದ ಅದು ಸಾಧ್ಯವಾಯಿತೆಂದು ಕಾಣುತ್ತದೆ.

ಈಚಿನ ನಿರ್ದೇಶಕರು ಆಡೆಲ್‌ಹೈಟ್ ಮೃದುಗೊಳಿಸಿದುದನ್ನು ಮತ್ತೆ ಗಡುಸುಮಾಡುವುದರಲ್ಲಿ ತೊಡಗಿದ್ದಾರೆ. ಬಹುಮಟ್ಟಿಗೆ ಇದು ಬೇಸರದ ಕೆಲಸ. ಕಾಡಿನ ಬದಲು ಕೊಳೆಗೇರಿ, ಸಿಹಿಮನೆಯ ಬದಲು ಅಂಗಡಿಯ ಕಪಾಟು ತಂದಿಟ್ಟ ಮಾತ್ರಕ್ಕೆ ಕೃತಿ ಆಳವಾಗುವುದಿಲ್ಲ. ಆದರೆ ರಿಚರ್ಡ್ ಜೋನ್ಸ್ ಎಂಬ ಆಂಗ್ಲ ನಿರ್ದೇಶಕ 1998ರಲ್ಲಿ ವೆಲ್ಷ್ ನ್ಯಾಷನಲ್ ಒಪೆರಾಕ್ಕೆ ಮಾಡಿದ, 2007ರಲ್ಲಿ ಮೆಟ್ರೊಪೊಲಿಟನ್ನಿಗೂ ಹೋದ ಪ್ರಯೋಗವು ಕೃತಿಯ ನಾಡಿಯನ್ನೇ ಹಿಡಿಯಿತು. ಅವನಿಗೆ ಇಡೀ ಕಥೆ ಹಸಿವಿನದು, ಅಂಕ ಅಂಕಕ್ಕೂ ಊಟದ ಮೇಜು. ಮಕ್ಕಳ ಕನಸಿನಲ್ಲಿ ರೆಕ್ಕೆಯುಳ್ಳ ದೇವದೂತರು ಇಳಿಯಲಿಲ್ಲ; ಉಬ್ಬಿದ ಮುಖದ, ಬಿಳಿಯ ಟೋಪಿಯ ಹದಿನಾಲ್ಕು ಬಾಣಸಿಗರು ಬಂದು, ಮೀನಿನ ತಲೆಯ ಬಡಿಸುವವನೊಬ್ಬನ ಮೇಲ್ವಿಚಾರಣೆಯಲ್ಲಿ, ಆ ಮಹಾಘೋಷದ ಸಂಗೀತಕ್ಕೆ ಸರಿಯಾಗಿ ಔತಣವನ್ನು ಅಣಿಮಾಡಿದರು. ಭಕ್ತಿಯುಳ್ಳ ಪ್ರೇಕ್ಷಕರಲ್ಲಿ ಕೆಲವರಿಗೆ ನೋವಾಗಿರಬಹುದು. ಆದರೆ ಹಸಿದು ಮಲಗಿದ ಮಗುವಿನ ಕನಸಿಗೆ ಬರುವ ದೇವದೂತರು ಸೌಟು ಹಿಡಿದೇ ಬರುವರೆಂಬುದನ್ನು ಅಲ್ಲಗಳೆಯುವುದು ಕಷ್ಟ.

ಹುಂಪರ್‌ಡಿಂಕ್ ಇದಾದ ಮೇಲೆಯೂ ಬರೆದನು. 1910ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಪ್ರಯೋಗವಾದ ‘ರಾಜನ ಮಕ್ಕಳು’ ಎಂಬ ಅವನ ಇನ್ನೊಂದು ಕಿನ್ನರಕಥೆಯ ಒಪೆರಾವನ್ನು ಬಲ್ಲವರು ಇದಕ್ಕಿಂತ ಮೇಲೆಂದು ಹೇಳುವುದುಂಟು. ಅದರಲ್ಲಿ ಮಕ್ಕಳು ಹಿಮದಲ್ಲಿ ಸಾಯುತ್ತಾರೆ; ವಿಷದ ರೊಟ್ಟಿ ತಿಂದು. ಅದು ಮನೆಮಂದಿಯ ಒಪೆರಾ ಆಗಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡನು.

‘ಹೆನ್ಸೆಲ್ ಮತ್ತು ಗ್ರೇಟೆಲ್’ ಮುಗಿಯುವುದು ಸ್ತೋತ್ರದಿಂದ. ಮಕ್ಕಳನ್ನು ಹುಡುಕುತ್ತ ಬಂದ ತಂದೆತಾಯಿಗಳು ಅವರನ್ನು ಅಪ್ಪಿಕೊಳ್ಳುತ್ತಾರೆ. ತಂದೆಯು ದೇವರ ನ್ಯಾಯದ ಕುರಿತು ಎರಡು ಮಾತು ಹೇಳುತ್ತಾನೆ. ಕಷ್ಟ ಮಿತಿಮೀರಿದಾಗ ದೇವರು ಕೈನೀಡುವನೆಂದು ಎಲ್ಲರೂ ಸೇರಿ, ಸಂಜೆಯ ಪ್ರಾರ್ಥನೆಯ ರಾಗದಲ್ಲಿಯೇ ಹಾಡುತ್ತಾರೆ. ದೊಡ್ಡವರು ಕಣ್ಣೊರೆಸಿಕೊಳ್ಳುವುದು ಇಲ್ಲಿ. ಆದರೆ ಅದಕ್ಕೆ ತುಸು ಮೊದಲು ಇಬ್ಬರು ಹುಡುಗರು ಒಲೆಯ ಅವಶೇಷದಿಂದ ಮಾಟಗಾತಿಯನ್ನು ಎಳೆದು ಹೊರತಂದಿರುತ್ತಾರೆ: ಸುಟ್ಟು ಕರಕಲಾಗಿ ಅಲ್ಲ, ಹದವಾಗಿ ಬೆಂದ, ಆಳೆತ್ತರದ ಸಿಹಿರೊಟ್ಟಿಯಾಗಿ. ಸಭೆಯ ಮಕ್ಕಳ ಕಣ್ಣೆಲ್ಲ ಸ್ತೋತ್ರ ಹಾಡುವವರ ಮೇಲಿರದೆ ಆ ರೊಟ್ಟಿಯ ಮೇಲೆಯೇ ಇರುತ್ತದೆ. ಅಷ್ಟು ಹಸಿದ ಮಕ್ಕಳು, ಅಷ್ಟು ದೊಡ್ಡ ರೊಟ್ಟಿ. ಅದನ್ನು ತಿಂದರೋ ಬಿಟ್ಟರೋ ಎಂಬುದನ್ನು ಆಡೆಲ್‌ಹೈಟ್ ಬರೆಯಲಿಲ್ಲ, ಅಣ್ಣನೂ ಅದಕ್ಕೊಂದು ರಾಗ ಹಾಕಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಹೆತ್ತವರೇ ಉತ್ತರ ಹೇಳಬೇಕು.